ಎದುರಾಳಿಗೂ ಅದೇ ಕಟ್ಟು

ಫೋನಿನ ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿವೆ. ಮೆಟ್ರೊದ ಕಂಬಕ್ಕೆ ಒರಗಿ ನಿಂತ ಹುಡುಗಿ, ಹಾಸ್ಟೆಲಿನ ಮಂಚದ ಮೇಲೆ ಕಾಲು ಮಡಚಿ ಕೂತ ಹುಡುಗ, ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡ ಗೃಹಸ್ಥ, ಎಲ್ಲರ ಎದುರಿಗೂ ಒಂದೇ ನೋಟ. ತಿಂಗಳುಗಟ್ಟಲೆ ಕೂಡಿಸಿದ ಕಾರ್ಡುಗಳು ಸಾಲಾಗಿ ನಿಂತಿವೆ. ಬೆಂಕಿಯುಗುಳುವ ಡ್ರ್ಯಾಗನ್ ಇದೆ, ಬಂಡೆಯಂಥ ಮೈಯ ರಾಕ್ಷಸನಿದ್ದಾನೆ, ಮಂತ್ರವಾದಿಯಿದ್ದಾಳೆ. ಅವುಗಳ ಮೇಲೆ ಎರಡು ಪುಟ್ಟ ಚಿಹ್ನೆಗಳು. ನಾಲ್ಕಕ್ಕಿಂತ ಹೆಚ್ಚು ಬೆಲೆಯ ಕಾರ್ಡು ನಡೆಯುವುದಿಲ್ಲ ಎನ್ನುತ್ತದೆ ಒಂದು. ಪ್ರತಿ ಸುತ್ತಿನ ಕೊನೆಗೂ ಭೂಮಿ ನಡುಗುತ್ತದೆ ಎನ್ನುತ್ತದೆ ಇನ್ನೊಂದು. ಡ್ರ್ಯಾಗನ್ ಹೋಯಿತು, ರಾಕ್ಷಸನೂ ಹೋದ. ಉಳಿದದ್ದು ಚಿಲ್ಲರೆ ಪಡೆ. ಇನ್ನೆರಡು ನಿಮಿಷದೊಳಗೆ ಅದರಲ್ಲೇ ಆರು ಜನರನ್ನು ಆರಿಸಿ ಸಾಲಾಗಿ ನಿಲ್ಲಿಸಬೇಕು.

ಇಂಥ ನಿರ್ಬಂಧಗಳನ್ನು ಹೊಸಬರು ತೊಂದರೆಯೆಂದೇ ಎಣಿಸುತ್ತಾರೆ. ಕಷ್ಟಪಟ್ಟು ಸಂಪಾದಿಸಿದ ಬಲವನ್ನು ಆಟವೇ ಕಿತ್ತುಕೊಂಡಿತು ಎಂಬ ಬೇಸರ ಅದು. ಆ ಬೇಸರ ಸಹಜ, ಆದರೆ ಅದರ ಹಿಂದಿನ ಲೆಕ್ಕ ತಪ್ಪು. ಡಿಜಿಟಲ್ ಕಾರ್ಡ್ ಕಾಳಗಗಳಲ್ಲಿ ಕಠಿಣ ನಿಯಮ ಕಿತ್ತುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚು. ಅದು ಕೊಡುವುದು ಮಾಹಿತಿಯನ್ನು. ಎದುರಾಳಿಯ ಕೈಯಲ್ಲಿ ಏನಿದೆ ಎಂದು ಕಾಣದ ಆಟದಲ್ಲಿ, ಅವನ ಕೈಯಲ್ಲಿ ಏನು ಇರಲಾರದು ಎಂದು ಖಚಿತವಾಗಿ ಹೇಳುವುದು ಆ ಪುಟ್ಟ ಚಿಹ್ನೆಯೊಂದೇ.

ಆರು ಜಾಗ, ಒಮ್ಮೆ ಮಾತ್ರ ನಿರ್ಧಾರ

ಮಾತು ಗಾಳಿಯಲ್ಲಿ ಉಳಿಯದಿರಲೆಂದು ಒಂದೇ ಆಟವನ್ನು ಹಿಡಿದು ನೋಡೋಣ. ಸ್ಪ್ಲಿಂಟರ್‌ಲ್ಯಾಂಡ್ಸ್ 2018ರಲ್ಲಿ ಸ್ಟೀಮ್ ಮಾನ್‌ಸ್ಟರ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಆಟ. ಜೆಸ್ಸಿ ರೈಕ್ ಮತ್ತು ಮ್ಯಾಟ್ ರೋಸೆನ್ ಅದರ ಸ್ಥಾಪಕರು. ಕಾರ್ಡುಗಳ ಒಡೆತನ ಬ್ಲಾಕ್‌ಚೈನ್‌ನಲ್ಲಿ ದಾಖಲಾಗುತ್ತದೆ. ಮೊದಲು ಸ್ಟೀಮ್ ಎಂಬ ಬ್ಲಾಕ್‌ಚೈನ್‌ನಲ್ಲಿತ್ತು, ಆಮೇಲೆ ಹೈವ್‌ಗೆ ಬಂತು. ಈ ಲೇಖನಕ್ಕೆ ಬೇಕಾದದ್ದು ಆ ತಂತ್ರಜ್ಞಾನವಲ್ಲ, ಆಟದ ಕಟ್ಟೋಣ. ಪ್ರತಿ ಪಂದ್ಯಕ್ಕೂ ಒಂದು ಮಾನಾ ಮಿತಿ ಇರುತ್ತದೆ. ಮಾನಾ ಎಂದರೆ ಆ ಪಂದ್ಯದ ಮಟ್ಟಿಗೆ ಖರ್ಚು ಮಾಡಲು ಸಿಗುವ ಶಕ್ತಿಯ ಮೊತ್ತ. ಪ್ರತಿ ಕಾರ್ಡಿಗೂ ಅದರ ಮಾನಾ ಬೆಲೆ ಇದೆ. ಒಂದು ಪಂದ್ಯದಲ್ಲಿ ಮಿತಿ ಇಪ್ಪತ್ತನ್ನೂ ಮುಟ್ಟುವುದಿಲ್ಲ, ಇನ್ನೊಂದರಲ್ಲಿ 99ರವರೆಗೂ ಹೋಗುತ್ತದೆ. ಆ ಮೊತ್ತದೊಳಗೆ ಒಬ್ಬ ನಾಯಕನನ್ನೂ ಹೆಚ್ಚೆಂದರೆ ಆರು ಕಾದಾಳುಗಳನ್ನೂ ಆರಿಸಬೇಕು. ಬೆಂಕಿ, ನೀರು, ಭೂಮಿ, ಜೀವ, ಸಾವು, ಡ್ರ್ಯಾಗನ್ ಎಂಬ ಬಣಗಳಿವೆ. ಯಾವ ಬಣಕ್ಕೂ ಸೇರದೆ ಎಲ್ಲರ ಜೊತೆಗೂ ಹೊಂದುವ ತಟಸ್ಥ ಕಾರ್ಡುಗಳೂ ಇವೆ. ಪಂದ್ಯದಿಂದ ಪಂದ್ಯಕ್ಕೆ ಕೆಲವು ಬಣಗಳ ಬಾಗಿಲು ಮುಚ್ಚಿರುತ್ತದೆ.

ಇಲ್ಲಿ ಮುಖ್ಯವಾದದ್ದು ಒಂದಿದೆ. ತಂಡವನ್ನು ಒಪ್ಪಿಸಿದ ಮೇಲೆ ಆಟಗಾರ ಏನೂ ಮಾಡುವಂತಿಲ್ಲ, ಕಾಳಗ ತಾನಾಗಿಯೇ ನಡೆದು ಮುಗಿಯುತ್ತದೆ. ಇಸ್ಪೀಟಿನಲ್ಲಿ ಎದುರಿನವರು ಇಳಿಸಿದ ಎಲೆ ನೋಡಿ ನಮ್ಮದನ್ನು ಇಳಿಸಬಹುದು, ತುರುಪು ಹೊಡೆಯುವುದೋ ಬಿಡುವುದೋ ಎಂದು ಕೊನೆಯ ಕ್ಷಣದಲ್ಲೂ ಮನಸ್ಸು ಬದಲಿಸಬಹುದು. ಇಲ್ಲಿ ಅಂಥ ಅವಕಾಶ ಇಲ್ಲ. ಯಾರು ಮುಂದೆ, ಯಾರು ಕೊನೆಗೆ, ಯಾವ ನಾಯಕನ ಕೆಳಗೆ ಎಂಬ ಇಡೀ ತಂತ್ರವನ್ನು ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಒಮ್ಮೆಲೇ ತೀರ್ಮಾನಿಸುತ್ತಾರೆ. ಹೀಗಾಗಿ ತೀರ್ಮಾನಕ್ಕೆ ಮೊದಲು ಇಬ್ಬರಿಗೂ ಸಮಾನವಾಗಿ ಗೊತ್ತಿರುವ ಪ್ರತಿಯೊಂದು ಸಂಗತಿಗೂ ವಿಪರೀತ ಬೆಲೆ. ಮಾನಾ ಮಿತಿ, ತೆರೆದಿರುವ ಬಣಗಳು, ಆ ಪಂದ್ಯದ ನಿಯಮಗಳು ಅಂಥ ಸಂಗತಿಗಳು.

ನಿಯಮಗಳು ಎರಡು ಬಗೆಯವು. ಒಂದು ಬಗೆ ಯಾರು ಕಣಕ್ಕೆ ಇಳಿಯಬಹುದು ಎಂದು ಹೇಳುತ್ತದೆ. ಲಿಟಲ್ ಲೀಗ್‌ನಲ್ಲಿ 4 ಮಾನಾ ಮೀರಿದ ಕಾದಾಳುವಿಗೂ ನಾಯಕನಿಗೂ ಪ್ರವೇಶವಿಲ್ಲ. ಲಾಸ್ಟ್ ಮ್ಯಾಜಿಕ್‌ನಲ್ಲಿ ಮಂತ್ರದಾಳಿಯವರಿಲ್ಲ. ಟೇಕಿಂಗ್ ಸೈಡ್ಸ್‌ನಲ್ಲಿ ತಟಸ್ಥರಿಲ್ಲ. ರೈಸ್ ಆಫ್ ದಿ ಕಾಮನ್ಸ್‌ನಲ್ಲಿ ಸಾಮಾನ್ಯ ದರ್ಜೆಯ ಮತ್ತು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕಾರ್ಡುಗಳಿಗೆ ಮಾತ್ರ ಜಾಗ. ಇನ್ನೊಂದು ಬಗೆ ಕಣದ ಸ್ವಭಾವವನ್ನೇ ಬದಲಿಸುತ್ತದೆ. ರಿವರ್ಸ್ ಸ್ಪೀಡ್‌ನಲ್ಲಿ ನಿಧಾನಿಗಳು ಮೊದಲು ಹೊಡೆಯುತ್ತಾರೆ. ಬ್ಯಾಕ್ ಟು ಬೇಸಿಕ್ಸ್‌ನಲ್ಲಿ ಕಾದಾಳುಗಳ ವಿಶೇಷ ವಿದ್ಯೆಗಳೆಲ್ಲ ಅಳಿಸಿಹೋಗುತ್ತವೆ. ಅರ್ತ್‌ಕ್ವೇಕ್‌ನಲ್ಲಿ ಹಾರಲಾರದವರಿಗೆ ಸುತ್ತಿಗೊಮ್ಮೆ 2ರಷ್ಟು ಪೆಟ್ಟು. ಇವು ಒಂದೊಂದಾಗಿಯೂ ಬರುತ್ತವೆ, ಜೋಡಿಯಾಗಿಯೂ ಬರುತ್ತವೆ.

ಯಾವ ಗಂಟು ಬಿಗಿಯಾಗಿದೆ?

ಲಿಟಲ್ ಲೀಗ್ ಎಂದೊಡನೆ ಹೊಸ ಆಟಗಾರ ಮಾಡುವುದೇನು? ದೊಡ್ಡ ಕಾರ್ಡು ತೆಗೆದು, ಅದರ ಜಾಗದಲ್ಲಿ ಅದೇ ಬಗೆಯ ಸಣ್ಣ ಕಾರ್ಡು ಇಡುತ್ತಾನೆ. ತಂತ್ರ ಹಳೆಯದೇ, ಬಲ ಮಾತ್ರ ಕಡಿಮೆ. ಮನೆಯಲ್ಲಿ ಕಾಯಿ ಇಲ್ಲದ ದಿನ ಬಲ್ಲ ಗೃಹಿಣಿ ಕಾಯಿಯಿಲ್ಲದ ಹುಳಿ ಮಾಡುವುದಿಲ್ಲ, ತಿಳಿಸಾರು ಮಾಡುತ್ತಾಳೆ. ನಿಯಮಕ್ಕೆ ತಕ್ಕಂತೆ ಆಡುವುದೆಂದರೆ ಅದು; ಹಳೆಯ ಯೋಜನೆಯ ಬಡ ಪ್ರತಿಯನ್ನು ಕಟ್ಟುವುದಲ್ಲ.

ಇದಕ್ಕೆ ಮೊದಲ ಹೆಜ್ಜೆ ಬರೀ ಕೂಡು-ಕಳೆಯುವ ಲೆಕ್ಕ. ಲಿಟಲ್ ಲೀಗ್‌ನಲ್ಲಿ ಒಬ್ಬ ನಾಯಕ, ಆರು ಕಾದಾಳುಗಳು, ಎಲ್ಲರೂ ಗರಿಷ್ಠ ಬೆಲೆಯ 4 ಮಾನಾದವರೇ ಎಂದಿಟ್ಟುಕೊಂಡರೂ ಒಟ್ಟು ಖರ್ಚು 28. ಆ ಪಂದ್ಯದ ಮಾನಾ ಮಿತಿ 40 ಆಗಿದ್ದರೆ 12 ಮಾನಾ ಯಾರ ಕೈಯಲ್ಲೂ ಖರ್ಚಾಗದೆ ಉಳಿಯುತ್ತದೆ. ಎಂದರೆ ಮಾನಾ ಮಿತಿ ಇದ್ದೂ ಇಲ್ಲದಂತೆ. ಕೊರತೆ ಇರುವುದು ಮಾನಾಕ್ಕಲ್ಲ, ಆರು ಜಾಗಗಳಿಗೆ. ಇಂಥ ಪಂದ್ಯದಲ್ಲಿ 0 ಮಾನಾದ ಫ್ಯೂರಿಯಸ್ ಚಿಕನ್ ಎಂಬ ಕೋಳಿಯನ್ನು ಇಡುವುದು ಶುದ್ಧ ನಷ್ಟ. ಅದು ಪುಕ್ಕಟೆ ಬಂದಿತೆಂದು ಅನ್ನಿಸುತ್ತದೆ, ಆದರೆ ಅತಿ ದುಬಾರಿಯಾದ ಒಂದು ಜಾಗವನ್ನು ತಿಂದುಹಾಕಿರುತ್ತದೆ. ಅದೇ ಮಿತಿ 15ಕ್ಕೆ ಇಳಿದ ಪಂದ್ಯದಲ್ಲಿ ಲೆಕ್ಕ ತಿರುಗುತ್ತದೆ. ನಾಯಕನಿಗೆ 3 ಹೋದರೆ ಆರು ಜಾಗಕ್ಕೆ ಉಳಿಯುವುದು 12. ಈಗ ಜಾಗ ಅಗ್ಗ, ಮಾನಾ ದುಬಾರಿ. ಎದುರಾಳಿಯ ಒಂದು ಪೆಟ್ಟನ್ನು ತನ್ನ ಮೈಮೇಲೆ ಹಾಕಿಕೊಂಡು ಸಾಯುವ ಅದೇ ಕೋಳಿ ಈಗ ಚಿನ್ನ.

ಒಂದೇ ಕಾರ್ಡು, ಒಂದೇ ನಿಯಮ. ಮಾನಾ ಮಿತಿ ಬದಲಾದದ್ದಕ್ಕೆ ಒಂದು ಕಡೆ ಹೊರೆ, ಇನ್ನೊಂದು ಕಡೆ ಆಸ್ತಿ. ಆದ್ದರಿಂದ ನಿಯಮ ಕಂಡೊಡನೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ಏನನ್ನು ನಿಷೇಧಿಸಿದೆ ಎಂಬುದಲ್ಲ. ಮಾನಾ, ಜಾಗ, ಬಣ, ವೇಗ, ಸುತ್ತುಗಳ ಸಂಖ್ಯೆ, ಇವುಗಳಲ್ಲಿ ಈಗ ಯಾವುದಕ್ಕೆ ನಿಜವಾದ ಬರ ಬಂದಿದೆ ಎಂಬುದು. ಸೋಲುವ ತಂಡಗಳಲ್ಲಿ ಎಷ್ಟೋ ಈ ಪ್ರಶ್ನೆಯನ್ನೇ ಕೇಳಿಕೊಂಡಿರುವುದಿಲ್ಲ. ಯಾವುದಕ್ಕೆ ಬರವಿಲ್ಲವೋ ಅದನ್ನು ಉಳಿಸಲು ಹೋಗಿ, ಬರವಿರುವುದನ್ನು ಚೆಲ್ಲಿಕೊಂಡಿರುತ್ತವೆ.

ಭೂಕಂಪದ ನಿಯಮ ತರುವುದು ಸಮಯದ ಬರ. ಸುತ್ತಿಗೆ 2 ಪೆಟ್ಟು ಎಂದರೆ, ನೆಲದ ಮೇಲೆ ನಡೆಯುವ, ಕವಚವಿಲ್ಲದ, 2 ಆರೋಗ್ಯದ ಬಿಲ್ಲುಗಾರ ಯಾರೂ ಮುಟ್ಟದಿದ್ದರೂ ಮೊದಲ ಸುತ್ತಿನ ಕೊನೆಗೆ ಸಾಯುತ್ತಾನೆ. ಅವನಿಂದ ಸಿಗುವುದು ಒಂದೇ ಬಾಣ. ಆ ಒಂದು ಬಾಣಕ್ಕೆ ಅಷ್ಟು ಮಾನಾ ಕೊಡಬಹುದೇ ಎಂದು ಅವನನ್ನು ಅಳೆಯಬೇಕು. 4 ಆರೋಗ್ಯದವನಿಗೆ ಎರಡು ಬಾಣ. ಹಾರುವವನಿಗೆ ಲೆಕ್ಕವೇ ಇಲ್ಲ. ಕಂಪನದ ಪೆಟ್ಟು ಮೊದಲು ಕವಚಕ್ಕೆ ಬೀಳುವುದರಿಂದ ತೆಳುವಾದ ಕವಚವೂ ಒಂದು ಸುತ್ತಿನ ಆಯಸ್ಸನ್ನು ಕೊಡುತ್ತದೆ. ಕಾರ್ಡಿನ ಮೇಲೆ ಬರೆದ ಸಂಖ್ಯೆಗಳು ಯಾವುವೂ ಬದಲಾಗಿಲ್ಲ, ಆದರೂ ಪ್ರತಿಯೊಂದನ್ನೂ ಈ ಪಂದ್ಯದಲ್ಲಿ ಅದು ಎಷ್ಟು ಸಲ ಕೆಲಸಕ್ಕೆ ಬರುತ್ತದೆ ಎಂಬುದರಿಂದ ಮತ್ತೆ ಗುಣಿಸಿ ನೋಡಬೇಕಾಗುತ್ತದೆ.

ರಾಮ ಹಗಲಿಗೆ, ಕೃಷ್ಣ ರಾತ್ರಿಗೆ

ಸಂದರ್ಭಕ್ಕೆ ತಕ್ಕಂತೆ ಎಲೆಯ ಬೆಲೆ ತಿರುಗುವ ಆಟ ನಮ್ಮ ನೆಲಕ್ಕೆ ಹೊಸದಲ್ಲ. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳ ಹತ್ತು ಬಣ, ಬಣಕ್ಕೆ 12ರಂತೆ 120 ದುಂಡನೆಯ ಎಲೆಗಳು. ರಾಜ, ಮಂತ್ರಿ ಬಿಟ್ಟರೆ ಒಂದರಿಂದ ಹತ್ತರವರೆಗಿನ ಅಂಕಿಯೆಲೆಗಳು. ಆದರೆ ಐದು ಬಣಗಳಲ್ಲಿ ಅಂಕಿಗಳ ಹಿರಿತನ ಒಂದು ದಿಕ್ಕಿಗಿದ್ದರೆ ಉಳಿದ ಐದರಲ್ಲಿ ತದ್ವಿರುದ್ಧ. ಒಂದು ಕಡೆ ಹತ್ತು ದೊಡ್ಡದು, ಇನ್ನೊಂದು ಕಡೆ ಒಂದು ದೊಡ್ಡದು. ಆಟ ಶುರು ಮಾಡುವ ಹಕ್ಕು ಹಗಲಿನಲ್ಲಿ ರಾಮನ ರಾಜ ಇದ್ದವರಿಗೆ, ರಾತ್ರಿ ಕೃಷ್ಣನ ರಾಜ ಇದ್ದವರಿಗೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಕ್ಕೆ ಇನ್ನೂ ಜಟಿಲವಾದ ಹೊಸ ಬಗೆಗಳನ್ನು ಸೇರಿಸಿದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರಗಳಿವೆ. ಒಂದು ಎಲೆ ಸ್ವತಃ ದೊಡ್ಡದೂ ಅಲ್ಲ ಚಿಕ್ಕದೂ ಅಲ್ಲ, ಯಾವ ಬಣದಲ್ಲಿ, ಯಾವ ಹೊತ್ತಿನಲ್ಲಿ ಎಂಬುದೇ ಅದರ ಅಳತೆ ಎಂಬ ತಿಳಿವಳಿಕೆ ಅರಮನೆಯ ಜಗಲಿಯಲ್ಲಿ ಎಲೆ ಹಿಡಿದು ಕೂತವರಿಗೂ ಇತ್ತು.

ಸ್ಪ್ಲಿಂಟರ್‌ಲ್ಯಾಂಡ್ಸ್‌ನ ಆರಂಭದ ಐವರು ನಾಯಕರನ್ನು ಇಟ್ಟುಕೊಂಡರೆ ಈ ತಿರುಗಾಟ ಚೆನ್ನಾಗಿ ಕಾಣುತ್ತದೆ. ಐವರ ಬೆಲೆಯೂ 3 ಮಾನಾ. ಬೆಂಕಿಯ ಮಾಲ್ರಿಕ್ ತನ್ನವರ ಕೈಕಾಳಗದ ಪೆಟ್ಟಿಗೆ 1 ಸೇರಿಸುತ್ತಾನೆ. ನೀರಿನ ಆಲ್ರಿಕ್ ಮಂತ್ರದ ಪೆಟ್ಟಿಗೆ 1 ಸೇರಿಸುತ್ತಾನೆ. ಭೂಮಿಯ ಲಿಯಾನಾ ಆರೋಗ್ಯಕ್ಕೆ, ಜೀವದ ಟೈರಸ್ ಕವಚಕ್ಕೆ 1 ಸೇರಿಸುತ್ತಾರೆ. ಸಾವಿನ ಜಿಂಟಾರ್ ತನ್ನವರಿಗೆ ಏನನ್ನೂ ಕೊಡುವುದಿಲ್ಲ, ಎದುರಾಳಿಯ ಕೈಕಾಳಗದ ಪೆಟ್ಟಿನಿಂದ 1 ಕಳೆಯುತ್ತಾನೆ. ಈಗ ಕೀಪ್ ಯುವರ್ ಡಿಸ್ಟೆನ್ಸ್ ನಿಯಮ ಬಂತೆನ್ನಿ, ಕೈಕಾಳಗದವರು ಕಣಕ್ಕೇ ಇಳಿಯುವಂತಿಲ್ಲ. ಮಾಲ್ರಿಕ್‌ನ ವಿದ್ಯೆ ವ್ಯರ್ಥ ಎಂಬುದು ಯಾರಿಗೂ ಹೊಳೆಯುತ್ತದೆ. ಜಿಂಟಾರ್‌ನದೂ ವ್ಯರ್ಥ ಎಂಬುದು ಹೊಳೆಯಲು ಒಂದು ಕ್ಷಣ ಹೆಚ್ಚು ಬೇಕು. ಎದುರಾಳಿಗೂ ಅದೇ ಕಟ್ಟು ಬಿದ್ದಿದೆ, ಕಳೆಯಲು ಅಲ್ಲಿ ಏನೂ ಉಳಿದಿಲ್ಲ ಎಂದು ಯೋಚಿಸಿದಾಗಲೇ ಅದು ಕಾಣುವುದು. ಎಲ್ಲರ ಕವಚ ಕಳಚುವ ಅನ್‌ಪ್ರೊಟೆಕ್ಟೆಡ್ ನಿಯಮದಲ್ಲಿ ಟೈರಸ್ ನಿರುಪಯೋಗಿ ಎಂಬುದು ಸುಲಭದ ತಿಳಿವಳಿಕೆ. ಆಲ್ರಿಕ್‌ನಿಗೂ ಪೆಟ್ಟು ಬಿದ್ದಿದೆ ಎಂಬುದು ಅಷ್ಟು ಸುಲಭವಲ್ಲ. ಮಂತ್ರದಾಳಿ ದುಬಾರಿಯಾಗಿರುವ ಒಂದು ಕಾರಣ ಅದು ಕವಚವನ್ನು ದಾಟಿ ನೇರ ಆರೋಗ್ಯಕ್ಕೆ ತಾಗುವುದು. ಕವಚವೇ ಇಲ್ಲದ ಪಂದ್ಯದಲ್ಲಿ ಆ ಹೆಚ್ಚುಗಾರಿಕೆಗೆ ಕೊಟ್ಟ ಮಾನಾ ನೀರಿಗೆ ಹಾಕಿದಂತೆ. ಟೈರಸ್‌ನ ಹೆಸರು ನಿಯಮದಲ್ಲಿ ಇಲ್ಲದಿದ್ದರೂ ಕವಚ ಎಂಬ ಮಾತು ಅವನನ್ನು ತೋರಿಸುತ್ತದೆ. ಆಲ್ರಿಕ್‌ನನ್ನು ತೋರಿಸುವ ಮಾತು ಒಂದೂ ಇಲ್ಲ, ಆದರೂ ಅವನ ಬೆಲೆ ಇಳಿದಿದೆ. ನಿಯಮದ ಈ ಎರಡನೆಯ ಸಾಲಿನ ಪರಿಣಾಮಗಳನ್ನು ಓದುವುದರಲ್ಲೇ ಆಟದ ಹಿಡಿತವಿದೆ.

ರಿವರ್ಸ್ ಸ್ಪೀಡ್‌ನಲ್ಲೂ ಹೀಗೆಯೇ. ಎದುರಾಳಿಗಳ ವೇಗ ಇಳಿಸುವ 1 ಮಾನಾದ ಕ್ರೀಪಿಂಗ್ ಊಜ್ ಎಂಬ ಲೋಳೆಜೀವಿ ಬೇರೆ ದಿನಗಳಲ್ಲಿ ಅಗ್ಗದ ವರ. ನಿಧಾನವೇ ಮೇಲಾದ ಪಂದ್ಯದಲ್ಲಿ ಅದನ್ನು ಅಭ್ಯಾಸಬಲದಿಂದ ಸೇರಿಸಿಕೊಂಡವನು ಎದುರಾಳಿಗೇ ಸಹಾಯ ಮಾಡಿರುತ್ತಾನೆ.

ನಿಯಮದ ಒಂದೊಂದು ಪದವನ್ನೂ ಗಮನವಿಟ್ಟು ಓದಬೇಕು. ಕೀಪ್ ಯುವರ್ ಡಿಸ್ಟೆನ್ಸ್ ಹೇಳುವುದು ಕೈಕಾಳಗದವರು ಬೇಡ ಎಂದು. ಹಾಗಾಗಿ ದಾಳಿಯ ಶಕ್ತಿಯೇ ಇಲ್ಲದ, ಬರೀ ಗುಣಪಡಿಸುವ ಅಥವಾ ಪೆಟ್ಟು ತಿನ್ನುವ ಕಾದಾಳುಗಳಿಗೆ ಬಾಗಿಲು ತೆರೆದೇ ಇದೆ. ಅಪ್ ಕ್ಲೋಸ್ ಅಂಡ್ ಪರ್ಸನಲ್ ಹೇಳುವುದು ಕೈಕಾಳಗದವರು ಮಾತ್ರ ಎಂದು. ಅಲ್ಲಿ ದಾಳಿಯಿಲ್ಲದವರಿಗೂ ಜಾಗವಿಲ್ಲ.

ಕೊನೆಯ ಜಾಗ ಮೊದಲಾದಾಗ

ಇಲ್ಲಿಯವರೆಗಿನದು ನಮ್ಮ ಕಾರ್ಡುಗಳ ಮರುಬೆಲೆ ಕಟ್ಟುವ ಕೆಲಸ. ಅದನ್ನು ಚೆನ್ನಾಗಿ ಮಾಡಿದವನು ಸಾಧಾರಣ ಆಟಗಾರನನ್ನು ಸೋಲಿಸಬಲ್ಲ. ತನ್ನಷ್ಟೇ ಬಲ್ಲವನನ್ನು ಎದುರಿಸಲು ಇನ್ನೂ ಒಂದು ಮೆಟ್ಟಿಲು ಹತ್ತಬೇಕು. ನಿಯಮ ಎದುರಾಳಿಯನ್ನು ಯಾವ ಕಡೆಗೆ ತಳ್ಳುತ್ತಿದೆ ಎಂಬುದನ್ನು ಊಹಿಸಬೇಕು.

ಸೂಪರ್ ಸ್ನೀಕ್ ನಿಯಮವನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಕೈಕಾಳಗದವರು ಎದುರಿನ ಸಾಲಿನ ಮೊದಲನೆಯವನಿಗೆ ಹೊಡೆಯುತ್ತಾರೆ. ಹೀಗಾಗಿ ಗಟ್ಟಿ ಮೈಯವನು ಮುಂದೆ, ನಾಜೂಕಿನವರು ಹಿಂದೆ. ಸೂಪರ್ ಸ್ನೀಕ್‌ನಲ್ಲಿ ಕೈಕಾಳಗದವರೆಲ್ಲ ನುಸುಳಿಹೋಗಿ ಕಟ್ಟಕಡೆಯವನಿಗೆ ಹೊಡೆಯುತ್ತಾರೆ. ಮೊದಲ ಮಟ್ಟದ ಉತ್ತರ ಸ್ಪಷ್ಟ: ಕೈಕಾಳಗದವರನ್ನೇ ತುಂಬಿಸಿ, ಹಿಂದಿನ ಸಾಲಿನ ನಾಜೂಕಿನವರನ್ನು ಉಡಾಯಿಸು. ಎರಡನೆಯ ಮಟ್ಟದವನಿಗೆ ಇದು ಗೊತ್ತು, ಅವನು ತನ್ನ ಗಟ್ಟಿಗನನ್ನು ಕೊನೆಯ ಜಾಗಕ್ಕೆ ಕಳಿಸುತ್ತಾನೆ. ಹೊಡೆದವನಿಗೇ ಪೆಟ್ಟು ಮರಳಿಸುವ ಮುಳ್ಳುಮೈಯವನು ಸಿಕ್ಕರೆ ಇನ್ನೂ ಒಳ್ಳೆಯದು. ಹೀಗೆ ಗಟ್ಟಿಗ ಹಿಂದಕ್ಕೆ ಹೋದಾಗ ಮುಂಭಾಗ ಬರಿದಾಗುತ್ತದೆ. ಮೂರನೆಯ ಮಟ್ಟದವನು ಆ ಬರಿದನ್ನೇ ಕಾಯುತ್ತಾನೆ. ಬಿಲ್ಲುಗಾರರೂ ಮಂತ್ರವಾದಿಗಳೂ ಈ ನಿಯಮಕ್ಕೆ ಒಳಪಟ್ಟಿಲ್ಲ, ಎಂದಿನಂತೆ ಮುಂದಿನವನಿಗೇ ಹೊಡೆಯುತ್ತಾರೆ. ಅವರನ್ನು ತಂದವನಿಗೆ ಎದುರಾಳಿ ತಾನಾಗಿ ತೆರೆದಿಟ್ಟ ಬಾಗಿಲು ಸಿಗುತ್ತದೆ. ಮೂರು ಮಟ್ಟದ ಉತ್ತರಗಳೂ ಹುಟ್ಟಿದ್ದು ಒಂದೇ ನಿಯಮದಿಂದ. ಯಾವುದು ಸರಿ ಎಂಬುದು ಎದುರಿಗಿರುವವನು ಎಷ್ಟು ದೂರ ಯೋಚಿಸುತ್ತಾನೆ ಎಂಬುದರ ಮೇಲೆ ನಿಂತಿದೆ. ಮತ್ತು ಪಂದ್ಯದ ಮಾನಾ ಮಿತಿ ಅವನನ್ನು ಎಷ್ಟು ದೂರ ಯೋಚಿಸಲು ಬಿಡುತ್ತದೆ ಎಂಬುದರ ಮೇಲೂ: ಮಿತಿ ಕಡಿಮೆಯಿದ್ದರೆ ಮುಂದೂ ಹಿಂದೂ ಗಟ್ಟಿಗರನ್ನು ನಿಲ್ಲಿಸಲು ಯಾರಿಗೂ ಆಗುವುದಿಲ್ಲ, ಎರಡರಲ್ಲಿ ಒಂದು ತುದಿ ಬರಿದಾಗಿಯೇ ಇರುತ್ತದೆ.

ಈಕ್ವಲೈಸರ್ ನಿಯಮ ನನ್ನ ಪ್ರಕಾರ ಇವೆಲ್ಲಕ್ಕಿಂತ ಸೊಗಸಾದದ್ದು. ಎರಡೂ ತಂಡಗಳಲ್ಲಿ ಯಾರ ಮೂಲ ಆರೋಗ್ಯ ಅತ್ಯಧಿಕವೋ ಅದೇ ಎಲ್ಲರ ಆರೋಗ್ಯವಾಗುತ್ತದೆ. ಎದುರಾಳಿ 12 ಆರೋಗ್ಯದ ದೈತ್ಯನನ್ನು ತಂದರೆ ನನ್ನ 1 ಮಾನಾದ ಲೋಳೆಜೀವಿಗೂ 12. ದೈತ್ಯನ ಆರೋಗ್ಯಕ್ಕೆ ಮಾನಾ ತೆತ್ತವನು ಅವನು, ಫಲ ಇಬ್ಬರಿಗೂ. ಹಾಗಾದರೆ ಜಾಣತನ ಆರೋಗ್ಯಕ್ಕೆ ಒಂದು ಮಾನಾವನ್ನೂ ಖರ್ಚು ಮಾಡದೆ ಎಲ್ಲವನ್ನೂ ದಾಳಿಗೆ ಸುರಿಯುವುದು. ಆದರೆ ಎದುರಾಳಿಯೂ ಹೀಗೆಯೇ ಯೋಚಿಸಿದರೆ ದೈತ್ಯನನ್ನು ಯಾರೂ ತರುವುದಿಲ್ಲ, ಎಲ್ಲರ ಆರೋಗ್ಯವೂ ಸಣ್ಣದಾಗಿಯೇ ಉಳಿಯುತ್ತದೆ. ಆಗ ಉದ್ದನೆಯ ಕಾಳಗವನ್ನು ನೆಚ್ಚಿಕೊಂಡ ಗುಣಪಡಿಸುವವರು ಕೆಲಸಕ್ಕೆ ಬಾರದೆ, ಮೊದಲು ಹೊಡೆಯುವ ವೇಗಿಗಳು ಗೆಲ್ಲುತ್ತಾರೆ. ಒಬ್ಬರ ಖರ್ಚಿನಿಂದ ಎಲ್ಲರಿಗೂ ಲಾಭವಾಗುವ ಕಡೆ ಖರ್ಚು ಮಾಡುವವರು ಯಾರು ಎಂಬ ಅರ್ಥಶಾಸ್ತ್ರದ ಹಳೆಯ ಕಗ್ಗಂಟು ಒಂದೇ ಸಾಲಿನ ನಿಯಮದಲ್ಲಿ ಕೂತಿದೆ.

ನಿರ್ಬಂಧ ಎನ್ನುವುದು ಮಾಹಿತಿ ಎಂದದ್ದು ಈ ಕಾರಣಕ್ಕೆ. ಯಾವ ನಿಯಮವೂ ಇಲ್ಲದ ಪಂದ್ಯದಲ್ಲಿ ಎದುರಾಳಿ ನೂರು ಬಗೆಯ ತಂಡ ಕಟ್ಟಬಹುದು, ನೂರಕ್ಕೂ ಸಿದ್ಧವಾಗಿರುವುದು ಸಾಧ್ಯವಿಲ್ಲ. ಅಂಥಲ್ಲಿ ಎಲ್ಲರೂ ತಮ್ಮ ಅತಿ ಬಲದ ಕಾರ್ಡುಗಳನ್ನು ಇಟ್ಟು ಕೈಮುಗಿಯುತ್ತಾರೆ. ನಿಯಮವೊಂದು ಆ ನೂರನ್ನು ಹತ್ತಕ್ಕೆ ಇಳಿಸಿದಾಗಲೇ ಎದುರಾಳಿಯ ತಲೆಯೊಳಗೆ ಹೊಕ್ಕು ನೋಡುವುದಕ್ಕೆ ಅರ್ಥ ಬರುತ್ತದೆ.

ಚದುರಂಗದ ಸಾಕ್ಷ್ಯ

ಕಟ್ಟು ಬಿದ್ದಾಗಲೂ ಕೌಶಲ ಉಳಿಯುವುದು ಒಂದೇ ಆಟದ ವಿಚಿತ್ರವಲ್ಲ. ಚದುರಂಗದ ದಿಗ್ಗಜ ಬಾಬಿ ಫಿಷರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಅದಲುಬದಲಾಗಿ ಇಡುವ ಚದುರಂಗವನ್ನು ಪ್ರಕಟಿಸಿದರು. ಅದರಲ್ಲಿ 960 ಆರಂಭದ ಸ್ಥಿತಿಗಳು ಸಾಧ್ಯ, ಚೆಸ್960 ಎಂಬ ಹೆಸರು ಅದರಿಂದಲೇ. ಬಾಯಿಪಾಠ ಮಾಡಿದ ಆರಂಭದ ನಡೆಗಳು ಅಲ್ಲಿ ಕೈಹಿಡಿಯುವುದಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ಮಾನ್ಯತೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಾರ್ವೆಯಲ್ಲಿ ನಡೆದಾಗ ಗ್ರಾಂಡ್‌ಮಾಸ್ಟರ್ ವೆಸ್ಲಿ ಸೋ, ಆಗ ಸಾಂಪ್ರದಾಯಿಕ ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಗ್ನಸ್ ಕಾರ್ಲ್‌ಸನ್‌ರನ್ನು 13.5–2.5 ಅಂಕಗಳಿಂದ ಸೋಲಿಸಿದರು. ಒಂದು ಫಲಿತಾಂಶದಿಂದ ಯಾರು ಮೇಲು ಎಂದು ತೀರ್ಮಾನಿಸಲಾಗದು. ಆದರೆ ಸಿದ್ಧಪಾಠದ ಆಸರೆ ತೆಗೆದ ಮೇಲೂ ಫೈನಲ್‌ಗೆ ಬಂದವರು ಇಂಥ ಇಬ್ಬರೇ ಎಂಬುದನ್ನು ಗಮನಿಸಬೇಕು. ನಿಯಮ ಬದಲಾದಾಗ ಕೌಶಲ ಕರಗಿಹೋಗುವುದಾಗಿದ್ದರೆ ಅಲ್ಲಿ ಯಾರು ಬೇಕಾದರೂ ನಿಲ್ಲಬಹುದಿತ್ತು.

2022ರಲ್ಲಿ ಬಂದ ಮಾರ್ವೆಲ್ ಸ್ನ್ಯಾಪ್ ಬೇರೆಯದೇ ದಾರಿ ಹಿಡಿದಿದೆ. ಅಲ್ಲಿ 12 ಕಾರ್ಡುಗಳ ಕಟ್ಟನ್ನು ಮೊದಲೇ ಜೋಡಿಸಿಕೊಂಡು ಬರಬೇಕು. ನಿರ್ಬಂಧಗಳು ಗೊತ್ತಾಗುವುದು ಆಟ ಶುರುವಾದ ಮೇಲೆ, ಮೂರು ಸ್ಥಳಗಳು ಒಂದೊಂದಾಗಿ ತೆರೆದುಕೊಳ್ಳುತ್ತ. ಬಿಗ್ ಹೌಸ್ ಎಂಬ ಸ್ಥಳದಲ್ಲಿ 4, 5, 6 ಬೆಲೆಯ ಕಾರ್ಡು ಆಡುವಂತಿಲ್ಲ. ಸ್ಯಾಂಕ್ಟಮ್ ಸ್ಯಾಂಕ್ಟೋರಮ್‌ನಲ್ಲಿ ಯಾವ ಕಾರ್ಡನ್ನೂ ಕೈಯಿಂದ ಆಡುವಂತಿಲ್ಲ, ಬೇರೆ ದಾರಿಯಿಂದ ಒಳಕ್ಕೆ ಕಳಿಸಬಲ್ಲವರಿಗೆ ಮಾತ್ರ ಅದು ಸಿಗುತ್ತದೆ. ಅಲ್ಲಿ ಹೊಂದಿಕೊಳ್ಳುವಿಕೆಯ ಭಾಗವಾಗಿ ಇನ್ನೊಂದು ವಿದ್ಯೆಯೂ ಸೇರಿದೆ: ಸ್ಥಳಗಳು ತನ್ನ ಕಟ್ಟಿಗೆ ಒಗ್ಗದವು ಎಂದು ಕಂಡೊಡನೆ ಸಣ್ಣ ನಷ್ಟಕ್ಕೆ ಆಟ ಬಿಟ್ಟೇಳುವುದು. ಅಲ್ಲಿನ ಪಣ ಕ್ಯೂಬ್ ಎಂಬ ಘನಗಳಲ್ಲಿ. ಬೇಗ ಎದ್ದವನಿಗೆ ಒಂದೇ ಘನದ ನಷ್ಟ, ಕೊನೆವರೆಗೂ ಹಟ ಹಿಡಿದವನಿಗೆ ಎಂಟರವರೆಗೆ.

ಅದೃಷ್ಟವೇ? ಗಿಳಿಪಾಠವೇ?

ಇದಕ್ಕೆಲ್ಲ ಆಕ್ಷೇಪಗಳಿವೆ, ಹಗುರವಾದವಲ್ಲ. ನಿಯಮಗಳನ್ನು ಆರಿಸುವುದು ಯಂತ್ರ, ಯಾವುದು ಬರುತ್ತದೋ ಗೊತ್ತಿಲ್ಲ. ಇದು ಅದೃಷ್ಟದಾಟವೇ ತಾನೆ ಎಂಬುದು ಮೊದಲನೆಯದು. ಇಸ್ಪೀಟಿನ ಬಗ್ಗೆ ಇದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ರಮ್ಮಿಯಲ್ಲಿ ಎಲೆ ಹಂಚುವುದು ಅದೃಷ್ಟಕ್ಕೆ ಬಿಟ್ಟದ್ದಾದರೂ, ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಕೌಶಲ ಎಂದು 1967ರಲ್ಲಿ ಅದು ಹೇಳಿತು. ರಮ್ಮಿಯಲ್ಲಿ ಆಟಗಾರರಿಗೆ ಬೇರೆಬೇರೆ ಎಲೆ ಬೀಳುತ್ತದೆ. ಇಲ್ಲಿ ಬೀಳುವ ನಿಯಮ ಇಬ್ಬರಿಗೂ ಒಂದೇ. ಹೊಡೆತ ತಪ್ಪಿಸಿಕೊಳ್ಳುವಂಥ ಕೆಲವು ಲೆಕ್ಕಗಳಲ್ಲಿ ಅದೃಷ್ಟ ಇದ್ದೇ ಇದೆ, ಸರಿಸಮರ ಪಂದ್ಯವನ್ನು ಅದು ಬುಡಮೇಲು ಮಾಡಲೂಬಹುದು. ನಿಯಮಗಳ ಆಯ್ಕೆಯಲ್ಲಿ ಮಾತ್ರ ಅಂಥ ಅನ್ಯಾಯವಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು. ನಡೆದ ಕಾಳಗಗಳ ದಾಖಲೆ ಬಹಿರಂಗವಾಗಿ ಸಿಗುತ್ತದೆ. ಯಾವ ನಿಯಮಕ್ಕೆ ಯಾವ ತಂಡ ಹೆಚ್ಚು ಗೆದ್ದಿದೆ ಎಂದು ಪಟ್ಟಿ ಮಾಡಿ ಅದನ್ನೇ ಇಳಿಸಿದರಾಯಿತು, ಯೋಚನೆ ಎಲ್ಲಿ ಬಂತು? ಪಟ್ಟಿಯಿಂದ ಉಪಯೋಗವಿದೆ, ಅಲ್ಲಗಳೆಯುವಂತಿಲ್ಲ. ಆದರೆ 40 ನಿಯಮಗಳಿದ್ದರೆ ಎರಡೆರಡರ ಜೋಡಿಗಳೇ 780. ಅವನ್ನು ಮಾನಾ ಮಿತಿಗಳಿಂದಲೂ ತೆರೆದ ಬಣಗಳ ಸಂಯೋಜನೆಗಳಿಂದಲೂ ಗುಣಿಸಿದರೆ ಪಟ್ಟಿಯ ಎಷ್ಟೋ ಮನೆಗಳಲ್ಲಿ ನೆಚ್ಚಿಕೊಳ್ಳುವಷ್ಟು ಪಂದ್ಯಗಳೇ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪಟ್ಟಿ ಹೇಳುವುದು ಸರಾಸರಿ ಎದುರಾಳಿಯ ವಿರುದ್ಧದ ಉತ್ತರವನ್ನು. ಪಟ್ಟಿ ಎಲ್ಲರ ಕೈಗೂ ಬಂದ ಮೇಲೆ ಅದೇ ಊಹಿಸಬಹುದಾದ ಮೊದಲ ಮಟ್ಟದ ಉತ್ತರವಾಗುತ್ತದೆ, ಸೂಪರ್ ಸ್ನೀಕ್‌ನಲ್ಲಿ ಕೈಕಾಳಗದವರನ್ನೇ ತುಂಬಿಸಿದಂತೆ. ಅದನ್ನು ಸೋಲಿಸುವ ತಂಡ ಕಟ್ಟಲು ಮತ್ತೆ ನಿಯಮದ ಒಳಹೊಕ್ಕೇ ನೋಡಬೇಕು.

ದುಡ್ಡಿನ ಪ್ರಶ್ನೆ

ಮೂರನೆಯ ಆಕ್ಷೇಪಕ್ಕೆ ಅರ್ಧ ಮಾತ್ರ ಉತ್ತರವಿದೆ. ನಿಯಮಗಳು ಬಗೆಬಗೆಯಾಗಿದ್ದಷ್ಟೂ ಬಗೆಬಗೆಯ ಕಾರ್ಡು ಬೇಕಾಗುತ್ತವೆ. ಹಾರುವವರು ಭೂಕಂಪಕ್ಕೆ, ನಿಧಾನಿಗಳು ರಿವರ್ಸ್ ಸ್ಪೀಡ್‌ಗೆ, ಪ್ರತಿ ಬಣದಲ್ಲೂ ಬಿಲ್ಲುಗಾರರು, ಮಂತ್ರವಾದಿಗಳು. ಕಾರ್ಡು ಕೊಳ್ಳಲು ಅಥವಾ ಬಾಡಿಗೆಗೆ ಪಡೆಯಲು ದುಡ್ಡು ಇದ್ದವನ ಕೈಯಲ್ಲಿ ಆಯ್ಕೆ ಹೆಚ್ಚು, ಮೇಲ್ಮಟ್ಟಕ್ಕೆ ಏರಿಸಿದ ಕಾರ್ಡುಗಳೂ ಅವನಲ್ಲೇ. ನಿರ್ಬಂಧ ಎಲ್ಲರನ್ನೂ ಸಮ ಮಾಡುತ್ತದೆ ಎಂಬ ಮಾತು ಈ ಮಟ್ಟಿಗೆ ಸುಳ್ಳು. ಆಟ ದರ್ಜೆಗೆ ತಕ್ಕಂತೆ ಕಾರ್ಡುಗಳ ಮಟ್ಟಕ್ಕೆ ಮಿತಿ ಹಾಕಿರುವುದರಿಂದ ಕೆಳಗಿನ ದರ್ಜೆಗಳಲ್ಲಿ ಅಂತರ ಸ್ವಲ್ಪ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಹಣ ಬೆರೆತ ಆಟಗಳ ವಿಷಯದಲ್ಲಿ ಭಾರತದ ಓದುಗರು ಇನ್ನೊಂದನ್ನೂ ತಿಳಿದಿರಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಹಳೆಯ ಗೆರೆಯನ್ನು ಪಕ್ಕಕ್ಕಿಟ್ಟು, ಗೆಲುವಿನ ಆಸೆಗೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಯಾವ ಆಟಕ್ಕೇ ಆಗಲಿ, ದುಡ್ಡು ಹಾಕುವ ಮೊದಲು ಆ ಕಾಯ್ದೆಯನ್ನು ಓದಿಕೊಳ್ಳುವುದು ಆಟಗಾರನ ಹೊಣೆ.

ಆದರೂ ಎಲ್ಲ ನಿರ್ಬಂಧಗಳನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಲಿಟಲ್ ಲೀಗ್ ಮತ್ತು ರೈಸ್ ಆಫ್ ದಿ ಕಾಮನ್ಸ್ ಸಿರಿವಂತರ ಸಂಗ್ರಹದ ತುದಿಯನ್ನು ಕತ್ತರಿಸುತ್ತವೆ. ಉಳಿಯುವ ಕಾರ್ಡುಗಳು ಬಹುತೇಕ ಎಲ್ಲರಿಗೂ ಎಟಕುವಂಥವು. ಬ್ಯಾಕ್ ಟು ಬೇಸಿಕ್ಸ್ ಕೂಡ ಹಾಗೆಯೇ, ವಿಶೇಷ ವಿದ್ಯೆಗಳಿಗಾಗಿ ತೆತ್ತ ಬೆಲೆಯನ್ನು ಅದು ಸೊನ್ನೆ ಮಾಡುತ್ತದೆ. ಟೇಕಿಂಗ್ ಸೈಡ್ಸ್ ಮಾಡುವುದು ಇದಕ್ಕೆ ವಿರುದ್ಧವಾದದ್ದನ್ನು. ಕಡಿಮೆ ಕಾರ್ಡಿರುವವನು ತನ್ನ ತಂಡದ ತೂತುಗಳನ್ನು ಮುಚ್ಚಿಕೊಳ್ಳುವುದು ಎಲ್ಲ ಕಡೆಗೂ ಹೊಂದುವ ತಟಸ್ಥರಿಂದ. ಆ ನಿಯಮ ಅವರನ್ನೇ ಹೊರಗಿಟ್ಟಾಗ, ಪ್ರತಿ ಬಣದಲ್ಲೂ ಪೂರ್ತಿ ಪಡೆ ಇರುವವನಿಗೆ ಲಾಭ. ಎರಡೂ ನಿರ್ಬಂಧಗಳೇ, ಎರಡೂ ಇಬ್ಬರಿಗೂ ಅನ್ವಯಿಸುತ್ತವೆ, ಆದರೆ ಒಂದು ಓದುವವನ ಕಡೆಗೆ ವಾಲಿದೆ, ಇನ್ನೊಂದು ಕೊಳ್ಳುವವನ ಕಡೆಗೆ. ಇಂಥ ಆಟ ಕಟ್ಟುವವರು ಯಾವ ನಿಯಮ ಎಷ್ಟು ಸಲ ಬರಬೇಕೆಂದು ತೂಗುವಾಗ ಮೊದಲನೆಯ ಗುಂಪಿಗೆ ಹೆಚ್ಚು ಪಾಲು ಕೊಡಬೇಕು, ಅದರಲ್ಲೂ ಹೊಸಬರು ಆಡುವ ಕೆಳಗಿನ ದರ್ಜೆಗಳಲ್ಲಿ. ಸೋತ ಹೊಸಬ ತನಗೆ ಯಾವ ಕಾರ್ಡು ಇರಲಿಲ್ಲ ಎಂದು ಅಂಗಡಿಯ ಕಡೆ ನೋಡುವುದಕ್ಕೂ, ನಿಯಮದಲ್ಲಿ ತಾನು ಯಾವ ಮಾತನ್ನು ಓದದೆ ಬಿಟ್ಟೆ ಎಂದು ಅದೇ ಪಂದ್ಯವನ್ನು ಮತ್ತೊಮ್ಮೆ ನೋಡುವುದಕ್ಕೂ ಇರುವ ವ್ಯತ್ಯಾಸ ಆ ತೂಕದಿಂದಲೇ ಹುಟ್ಟುತ್ತದೆ.